ಎಡ ಭುಜ ಅರ್ಧ ಇಂಚು ಕೆಳಗೆ

ಹಂಪನಕಟ್ಟೆಯಲ್ಲಿ, ಹಳೆ ಬಸ್ ಸ್ಟ್ಯಾಂಡಿಗೆ ಬೆನ್ನು ಹಾಕಿದ
ಎರಡನೇ ಮಾಳಿಗೆಯ ನಮ್ಮ ಅಂಗಡಿಯಲ್ಲಿ
ಅಳತೆ ಪುಸ್ತಕಗಳು ಹದಿನೇಳು ಉಂಟು.
ಒಂಬತ್ತನೆಯದರ ನಲವತ್ತೊಂದನೇ ಪುಟ:
ಹ್ಯಾಥರ್ಸೇಜ್ ದೊರೆ. ಸೊಂಟ ಮೂವತ್ತನಾಲ್ಕು.
ಎಡ ಭುಜ ಅರ್ಧ ಇಂಚು ಕೆಳಗೆ.
ಅಕ್ಷರ ಲಿಗೋರಿ ಮಾಸ್ಟರರದ್ದು, ನೀಲಿ ಪೆನ್ಸಿಲು.

ನಾನಾಗ ಕಾಜಾ, ಗುಬ್ಬಿಯ ಹುಡುಗ.
ದೊರೆ ಅಂದರೆ ಕಲೆಕ್ಟರಲ್ಲ, ಆ ಕಾಲ ಹೋಗಿ ಆಗಿತ್ತು;
ಲಂಡನ್ನಿನ ಪಾರ್ಲಿಮೆಂಟಿಗೆ ಆಗಷ್ಟೇ ಗೆದ್ದವರು.
ಅಪ್ಪ ಬಂದರಿನ ಕಾಫಿ ಕ್ಯೂರಿಂಗಿನ ಮ್ಯಾನೇಜರು,
ಹುಟ್ಟಿದ್ದು ಬೋಳಾರದ ಬಂಗಲೆಯಲ್ಲಿ,
"ಎಂಚ ಉಲ್ಲರ್" ಅನ್ನುವಷ್ಟು ತುಳು
ನಾಲಿಗೆಯ ಅಡಿಯಲ್ಲೆಲ್ಲೋ ಉಳಿದಿತ್ತು.

ಐದಾರು ವರ್ಷಕ್ಕೊಮ್ಮೆ ಬರುತ್ತಿದ್ದರು,
ಅಪ್ಪನ ಗೋರಿಗೆ ಸುಣ್ಣ ಬಳಿಸುವ ನೆಪ.
ಪ್ರತಿ ಸಲ ಒಂದು ಸೂಟು.
ಅಂಕಿ ಹೊಡೆದು ಮೇಲೆ ಅಂಕಿ:
ಮೂವತ್ತಾರು, ಉಪಮಂತ್ರಿ.
ಮೂವತ್ತೊಂಬತ್ತು, ಮಂತ್ರಿ.
ಪಕ್ಷ ಬದಲಿಸಿದ ವರ್ಷ ಒಳಜೇಬು ಇನ್ನೊಂದು ಕೇಳಿದರು,
ಇದು ನಾನು ಕಟ್ಟಿದ್ದಲ್ಲ, ಪುಟದಲ್ಲಿ ಉಂಟು.
ನಲವತ್ತೆರಡಾದಾಗ ಮಾಸ್ಟರು ಹೊಲಿಗೆಯ ಒಳಗೆ
ಎರಡಿಂಚು ಬಟ್ಟೆ ಹೆಚ್ಚು ಮಡಚಿಟ್ಟರು:
"ಇವರಿನ್ನೂ ಏರುವವರು, ಬಿಚ್ಚಲಿಕ್ಕೆ ಬೇಕಾಗ್ತದೆ."

ಲೇಬಲ್ಲು ಮಾತ್ರ ಹೊಲಿಯಬಾರದು. ಮೊದಲ ದಿನದ ಷರತ್ತು.
ಮಾಸ್ಟರು ತಲೆ ಆಡಿಸಿದರು.
ಆದರೆ ಕಾಲರಿನ ಮಡಿಕೆಯಲ್ಲಿ, ಕತ್ತರಿ ಹಾಕದೆ ಕಾಣದ ಜಾಗದಲ್ಲಿ
ಒಂದೇ ಒಂದು ಕೆಂಪು ನೂಲಿನ ಹೊಲಿಗೆ.
ಅದು ಅವರ ರುಜು. ಹರಕೆಯ ಹಾಗೆ, ಬಿಡಲಿಕ್ಕೆ ಆಗುವುದಿಲ್ಲ.

ಆಮೇಲೆ ಆ ಚುನಾವಣೆ ಬಂತು.
ವೇದಿಕೆಯಲ್ಲಿ ನಿಂತು, ಕೋಟಿನ ತುದಿ ಎತ್ತಿ ಹಿಡಿದು
"ನಮ್ಮ ಕುರಿ, ನಮ್ಮ ಮಗ್ಗ, ನಮ್ಮ ಸೂಜಿ,
ಹೊರಗಿನವರು ಸಾಕು" ಎಂದರಂತೆ.
ಚಪ್ಪಾಳೆ ಎಷ್ಟಿತ್ತೋ ನನಗೆ ಗೊತ್ತಿಲ್ಲ.
ಲೀಡ್ಸಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ ನನ್ನಕ್ಕ ಸುಗಂಧಿ
ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ನಿಂತಿದ್ದಾಗ
ಯಾರೋ ಅದೇ ಮಾತನ್ನು ಅವಳ ಮುಖಕ್ಕೆ ಎಸೆದು ಹೋದರು.
ಫೋನಿನಲ್ಲಿ ಹೇಳಿ ನಕ್ಕಳು.
ಆ ನಗು ನನಗೆ ಆಗಲಿಲ್ಲ.

ಪತ್ರಕರ್ತನೊಬ್ಬ ಬಂದ, ಆಟಿಯ ನಡುವೆ, ಬೂಟು ಒದ್ದೆ.
ಕೈಯಲ್ಲಿ ಬಿಚ್ಚಿದ ಕಾಲರಿನ ಫೋಟೊ (ಅಲ್ಲಿಯ ಇಸ್ತ್ರಿಯವನ ಕೆಲಸ), ಕೆಂಪು ನೂಲು;
ಜೊತೆಗೆ ಸರಕಾರದ ಖರ್ಚಿಗೆ ಹಾಕಿದ ಬಿಲ್ಲು,
ಲಂಡನ್ನಿನ ಯಾವುದೋ ಬೀದಿ, ನಮ್ಮ ಮಜೂರಿಯ ಮೂವತ್ತು ಪಟ್ಟು.
ಮಾಸ್ಟರು ನೋಡಿದರು, ಕನ್ನಡಕ ತೆಗೆದರು.
"ಮೈಯ ಅಳತೆ ಮೈಯವರದ್ದು. ನಾವು ಹೇಳಲಿಕ್ಕಿಲ್ಲ ಮಾರಾಯ್ರೆ."
ಮತ್ತೆ ಊಟಕ್ಕೆ ಹೋದರು, ಗಂಜಿ, ಸಿಗಡಿ ಚಟ್ನಿ,
ಯಾವತ್ತೂ ಇಪ್ಪತ್ತೈದು ನಿಮಿಷ.

ಪುಸ್ತಕ ತೆಗೆದವನು ನಾನು.
ಹಣ ತಕ್ಕೊಳ್ಳಲಿಲ್ಲ. ಹಾಗಂತ ಹೇಳಿಕೊಳ್ಳುವುದು ಸುಲಭ.
ಚಹಾ ತರಿಸಿದ್ದ, ಕುಡಿದೆ.

ರಾಜೀನಾಮೆ ಇಲ್ಲಿಯ ಪೇಪರಿನಲ್ಲಿ ನಾಲ್ಕು ಸಾಲು,
ಪಕ್ಕದಲ್ಲಿ ಬಂಗುಡೆಯ ದರ.
ಮಾಸ್ಟರು ಓದಿ ಮಡಚಿದರು, ನನ್ನನ್ನು ಏನೂ ಕೇಳಲಿಲ್ಲ.
ಅಂದಿನಿಂದ ಅಳತೆ ಪುಸ್ತಕವನ್ನು ಸಂಜೆ ಮನೆಗೆ ಒಯ್ಯುತ್ತಿದ್ದರು,
ತೀರಿಕೊಳ್ಳುವವರೆಗೂ.

ಹೋದ ಡಿಸೆಂಬರಿನಲ್ಲಿ ಮೆಟ್ಟಿಲ ಮೇಲೆ ಕೋಲಿನ ಸದ್ದು.
ಏದುಸಿರು. "ಎಂಚ ಉಲ್ಲರ್."
ಕೋಟು ಕಿರಿದು ಮಾಡಬೇಕಂತೆ.
ಟೇಪು ಸುತ್ತಿದೆ: ಮೂವತ್ತನಾಲ್ಕು.
ಎಡ ಭುಜ ಅಲ್ಲೇ, ಅದೇ ಅರ್ಧ ಇಂಚು.
"ಲಿಗೋರಿ?" ಕೇಳಿದರು. ಇಗರ್ಜಿಯ ದಿಕ್ಕಿಗೆ ಕೈ ತೋರಿಸಿದೆ.
ಹಳೆ ಮಿಷನ್ನಿನ ಮೇಲೆ ಅಂಗೈ ಇಟ್ಟು
ಸ್ವಲ್ಪ ಹೊತ್ತು ನಿಂತರು.
ನನ್ನ ಬಾಯಲ್ಲಿ ಗುಂಡುಸೂಜಿ ಇದ್ದದ್ದು ಒಳ್ಳೆಯದಾಯಿತು.

ಗುರುವಾರ ಟ್ರಯಲಿಗೆ ಬರುತ್ತೇನೆ ಅಂದವರು ಬರಲಿಲ್ಲ.
ಕೋಟು ಕೊಕ್ಕೆಯಲ್ಲಿ ಉಂಟು.
ಬಿಚ್ಚುವಾಗ ಮಾಸ್ಟರು ಮಡಚಿಟ್ಟ ಎರಡಿಂಚು ಸಿಕ್ಕಿತು,
ಬಿಸಿಲು ಕಾಣದ್ದು, ಬಣ್ಣ ಇನ್ನೂ ಹೊಸದು.
ಕಾಲರು ಮುಟ್ಟಲಿಲ್ಲ.